ಬಚ್ಚಲ ನೀರು ಕಾಯುತ್ತಿದ್ದ ಅಮರಮ್ಮ

ನಮ್ಮ ಮನೆಯಲ್ಲಿ ಯಾರಾದರೂ ಸ್ನಾನಕ್ಕೆ ಕೂತರೆ ಸಾಕು, ಅಮರಮ್ಮ ಸಲಿಕೆ ಹಿಡಿದು ಹಿತ್ತಲಿನಲ್ಲಿ ನಿಲ್ಲುತ್ತಿದ್ದರು. ಬಚ್ಚಲ ತೂಬಿನಿಂದ ನೀರು ಹೊರಬಿದ್ದ ಕೂಡಲೇ ಅದರ ಪಕ್ಕದಲ್ಲೇ ನಡೆಯಲು ಶುರು ಮಾಡುತ್ತಿದ್ದರು. ನೀರು ಬಲಕ್ಕೆ ತಿರುಗಿದರೆ ಬದನೆಗಿಡಗಳಿಗೆ, ಎಡಕ್ಕೆ ತಿರುಗಿದರೆ ಪುಂಡಿಪಲ್ಯದ ಮಡಿಗೆ. ಇವತ್ತು ಯಾರ ಪಾಳಿ ಎಂದು ತೀರ್ಮಾನಿಸುವುದು ಅವರ ಸಲಿಕೆ. ಒಳಗೆ ಕೂತವರಿಗೆ ಮೈ ತೊಳೆದುಕೊಳ್ಳುವುದಕ್ಕಿಂತ ಹೊರಗಿನ ದನಿಗೆ ಉತ್ತರ ಕೊಡುವುದೇ ದೊಡ್ಡ ಕೆಲಸವಾಗಿತ್ತು.

"ಸುವರ್ಣಾ, ಇನ್ನೂ ಎಷ್ಟು ಚರಿಗಿ ಐತಿ ಬೇ? ಕರಿಬೇವಿಗೆ ಮುಟ್ಟೇ ಇಲ್ಲ ನೀರು."

"ಮುಗೀತ್ರಿ ಅತ್ತಿ."

"ಇಷ್ಟರಾಗ ಎಂಥ ಜಳಕ ಬೇ ಅದು? ಇನ್ನೆರಡು ಚರಿಗಿ ಹಾಕ್ಕೋ. ಬೆನ್ನು ತಿಕ್ಕೊಂಡಿಲ್ಲ ನೀ."

ಬೆನ್ನು ತಿಕ್ಕಿಕೊಂಡಿಲ್ಲವೆಂದು ಗೋಡೆಯಾಚೆ ನಿಂತವರಿಗೆ ಹೇಗೆ ಗೊತ್ತು ಎಂದು ನಾನು ಕೇಳುತ್ತಿರಲಿಲ್ಲ. ಕೇಳಿದರೆ ಅದಕ್ಕೂ ಉತ್ತರ ಇರುತ್ತಿತ್ತು.

ಇದು ಎಂಬತ್ತರ ದಶಕದ ನಡುಭಾಗದ ಸಿಂಧನೂರಿನ ಮಾತು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮದುವೆಯಾದ ಹೊಸದರಲ್ಲಿ ಅಮರಮ್ಮನವರ ಮನೆಯ ಒಂದು ಪಾಲನ್ನು ನಾವು ಬಾಡಿಗೆಗೆ ಹಿಡಿದೆವು. ಬಳಗವಲ್ಲದಿದ್ದರೂ ನಾನು ಅವರನ್ನು ಅತ್ತಿ ಎಂದೇ ಕರೆಯುತ್ತಿದ್ದೆ. ಇನ್ನೊಂದು ಪಾಲಿನಲ್ಲಿ ಅವರು ಮತ್ತು ಅವರ ಮಗ ಹುಲಿಗೆಪ್ಪ ಇದ್ದರು. ಅಮರಮ್ಮನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಎರಡೂ ಪಾಲಿಗೆ ಬಚ್ಚಲು ಒಂದೇ, ಹಿತ್ತಲು ಒಂದೇ. ಬಾಡಿಗೆಯ ಮಾತಾಡಲು ಹೋದಾಗ ಅವರು ಮುಂಗಡ ಕೇಳಲಿಲ್ಲ. "ದಿನಾ ಜಳಕ ಮಾಡ್ತೀರಿಲ್ಲೋ?" ಎಂದು ಕೇಳಿದರು. ನನ್ನ ಗಂಡನಿಗೆ ಮುಖ ಸಣ್ಣದಾಯಿತು. ಕೇಳಿದ್ದು ಗಿಡಗಳ ಪರವಾಗಿ ಎಂದು ನಮಗೆ ತಿಳಿದದ್ದು ಆಮೇಲೆ.

ಕಡ್ಡಿಯಂಥ ಮೈ, ಮೊಣಕಾಲ ತನಕ ಎತ್ತಿ ಸಿಕ್ಕಿಸಿದ ಸೀರೆ, ಹಣೆಯ ಮೇಲೆ ಸದಾ ಗಂಟು. ಅವರು ಹುಟ್ಟಿ ಬೆಳೆದದ್ದು ಸಂತೆಕಲ್ಲೂರಿನ ಕಡೆ, ಒಣಭೂಮಿಯಲ್ಲಿ. "ನಮ್ಮ ಕಡೆ ಮಾರಿ ತೊಳದ ನೀರು ಗಿಡಕ್ಕ, ಬ್ಯಾಳಿ ತೊಳದ ನೀರು ಎಮ್ಮಿಗೆ. ಇಲ್ಲಿ ಮಂದಿ ಕೊಡಗಟ್ಲೆ ನೀರು ರಸ್ತಾಕ್ಕ ಚೆಲ್ಲಿ ಧೂಳು ಅಡಗಸ್ತಾರ" ಎನ್ನುತ್ತಿದ್ದರು. ಕಾಲುವೆ ಬಂದು ಸಿಂಧನೂರಿನ ಸುತ್ತ ಎಲ್ಲೆಲ್ಲೂ ಭತ್ತ ನಿಂತಿದ್ದರೂ ಅವರಿಗೆ ಆ ನೀರಿನ ಮೇಲೆ ನಂಬಿಕೆಯಿರಲಿಲ್ಲ. ಇವತ್ತು ಹರಿಯುತ್ತಿದೆ, ನಾಳೆ ಬಂದ್ ಮಾಡಿದರೆ?

"ಹಿಂಗಾದ್ರ ಹೆಂಗ ಬೇ?" ಎಂಬುದು ಅವರ ದಿನದ ಮೊದಲ ಮಾತು. ಮೋಡ ಬಂದರೆ ಅವರೆ ಹೂವು ಉದುರುತ್ತದೆಂಬ ಚಿಂತೆ, ಬರದಿದ್ದರೆ ಬಾವಿ ಬತ್ತುತ್ತದೆಂಬ ಚಿಂತೆ. ಗಿಡದಲ್ಲಿ ಕಾಯಿ ಕಡಿಮೆಯಾದರೆ ಕಷ್ಟ, ಹೆಚ್ಚಾದರೆ ಯಾರ ಕಣ್ಣು ಬಿದ್ದೀತೋ ಎಂಬ ಭಯ. ಏನೂ ತೊಂದರೆಯಿಲ್ಲದ ದಿನ ಅವರನ್ನು ನೋಡಲಾಗುತ್ತಿರಲಿಲ್ಲ. ಎಲ್ಲೋ ಏನೋ ತಪ್ಪಿದೆ, ನನಗೆ ಮಾತ್ರ ಕಾಣಿಸುತ್ತಿಲ್ಲ ಎಂಬಂತೆ ಹಿತ್ತಲಿನ ಉದ್ದಗಲಕ್ಕೂ ಅಡ್ಡಾಡುತ್ತಿದ್ದರು. ನನ್ನ ಗಂಡ, "ಅಮರಮ್ಮಾರ, ನಿಮ್ಮ ಚಿಂತಿ ಒಂದೀಟು ನಮ್ಮ ಡಿಪೋಕ್ಕ ಕೊಡ್ರಿ, ಒಂದ ಬಸ್ಸೂ ದಾರ್‍ಯಾಗ ನಿಲ್ಲಂಗಿಲ್ಲ" ಎಂದು ಕಾಡುತ್ತಿದ್ದರು. ಅಮರಮ್ಮ ನಗುತ್ತಿರಲಿಲ್ಲ. "ನಿಂತ್ರ ಹೆಂಗಪಾ?" ಎನ್ನುತ್ತಿದ್ದರು.

ಆದರೆ ಆ ಹಿತ್ತಲು! ಬೆಳೆಯುವ ಜಾಗ ಎರಡು ಚಾಪೆ ಹಾಸಿದಷ್ಟಿದ್ದೀತು. ಅಷ್ಟರಲ್ಲೇ ಪುಂಡಿಪಲ್ಯ, ರಾಜಗಿರಿ, ಮೆಂತ್ಯ, ಬದನೆ, ಮೆಣಸಿನಕಾಯಿ ಬೆಳೆದಿದ್ದವು. ತೊಗರಿಕಟ್ಟಿಗೆಯ ಚಪ್ಪರದ ಮೇಲೆ ಹೀರೆ, ಗೋಡೆಯ ಮೂಲೆಯಲ್ಲಿ ನುಗ್ಗೆ. ನಿಂಬೆಗಿಡದ ಬುಡದಲ್ಲಿ ಒಂದು ತೂತು ಬಿದ್ದ ಮಡಿಕೆಯನ್ನು ಕುತ್ತಿಗೆಯವರೆಗೆ ಹುಗಿದು, ತೂತಿಗೆ ಹಳೇ ಬಟ್ಟೆಯ ಬತ್ತಿ ತುರುಕಿ ನೀರು ತುಂಬಿಡುತ್ತಿದ್ದರು. ಅದು ಒಳಗೊಳಗೇ ಬೇರಿಗೆ ಇಳಿಯುತ್ತಿತ್ತು. ಬಚ್ಚಲ ಕಾಲುವೆಯ ಕೊನೆಯಲ್ಲಿ ಒಂದು ಗುಂಡಿ. ಮಡಿಗಳಿಗೆ ಹೋಗಿ ಮಿಕ್ಕ ನೀರು ಅಲ್ಲಿ ನಿಲ್ಲುತ್ತಿತ್ತು. ಸಂಜೆ ಅದನ್ನು ತಂಬಿಗೆಯಿಂದ ತೋಡಿ, ಕೈಯಿಂದ ಸಿಡಿಸುತ್ತ, ಸೊಪ್ಪಿನ ಮಡಿಗೆ ತಲೆಯ ಮೇಲಿಂದ ಸ್ನಾನ ಮಾಡಿಸುತ್ತಿದ್ದರು. ಬಾಳೆಸಿಪ್ಪೆ, ಈರುಳ್ಳಿ ಸಿಪ್ಪೆ, ಕಸ ಗುಡಿಸಿದ ಬೇವಿನೆಲೆ ಎಲ್ಲವೂ ತಿಪ್ಪೆಗುಂಡಿಗೆ. ನಾನೊಮ್ಮೆ ಸೌತೆಕಾಯಿ ಸಿಪ್ಪೆಯನ್ನು ಬೀದಿಯ ಹಸುವಿಗೆ ಹಾಕಿದ್ದಕ್ಕೆ ಎರಡು ದಿನ ನನ್ನೊಡನೆ ಬಿಗಿಯಾಗಿದ್ದರು.

ಒಲೆಯ ಬೂದಿಯೂ ಹೊರಗೆ ಹೋಗುವಂತಿರಲಿಲ್ಲ. ಬೆಳಗಿನ ಇಬ್ಬನಿ ಆರುವ ಮೊದಲು ಜರಡಿ ಹಿಡಿದು ಸೊಪ್ಪಿನ ಮೇಲೆ ಬೂದಿ ಉದುರಿಸುತ್ತಿದ್ದರು. ಹೇನು ಹತ್ತುವುದಿಲ್ಲವೆಂದು. ಹೀಗಾಗಿ ಅವರ ಸೊಪ್ಪನ್ನು ಎಷ್ಟು ತೊಳೆದರೂ ಹಲ್ಲಿಗೆ ಚರಚರ ಎನ್ನುತ್ತಿತ್ತು. ಓಣಿಯ ಹೆಂಗಸರಿಗೆಲ್ಲ ಈ ತಕರಾರು ಇತ್ತು. ಎದುರುಮನೆಯ ಶಾರದಮ್ಮ, "ಅಮರಮ್ಮಕ್ಕ, ನಿನ್ನ ಪಲ್ಯ ತೊಳಿಯೋದ್ರಾಗ ನನ್ನ ಕೈ ಸವದು ಹೋದ್ವು" ಎನ್ನುತ್ತಿದ್ದರು. ಎನ್ನುತ್ತಲೇ ಸೆರಗೊಡ್ಡುತ್ತಿದ್ದರು. ಮನೆಗೆ ಬೇಕಾದ್ದು ಕಿತ್ತುಕೊಂಡ ಮೇಲೆ ಉಳಿದದ್ದನ್ನು ಅಮರಮ್ಮ ಓಣಿಯ ನಾಲ್ಕಾರು ಮನೆಗೆ ಹಂಚುತ್ತಿದ್ದರು. ಮಾರುತ್ತಿರಲಿಲ್ಲ. ಎಲೆಯಲ್ಲಿ ತೂತಿದೆ ಎಂದು ಯಾರಾದರೂ ಮುಖ ಸಿಂಡರಿಸಿದರೆ ಮಾತ್ರ ಸಿಟ್ಟು ಬರುತ್ತಿತ್ತು. "ಹುಳಕ್ಕ ಬ್ಯಾಡಾದ್ದು ನಮಗ್ಯಾಕ ಬೇಕು ಬೇ? ಅದು ತಿಂದೈತಿ ಅಂದ್ರ ಚಲೋ ಐತಿ ಅಂತಲ್ಲ?"

ನಾನು ಅವರ ಮನೆಯಲ್ಲಿದ್ದಷ್ಟು ದಿನ ಸಂತೆಯಲ್ಲಿ ಕಾಯಿಪಲ್ಲೆ ಕೊಂಡದ್ದು ಅಪರೂಪ. ಉಪ್ಪು, ಬೆಲ್ಲ, ಬೇಳೆ ಇಷ್ಟೇ ನನ್ನ ಚೀಲಕ್ಕೆ. "ಸಂತ್ಯಾಗ ರೊಕ್ಕ ಕೊಟ್ಟು ಪುಂಡಿಪಲ್ಯ ತರೋ ಮನಿತನ ಉದ್ಧಾರ ಆಗತೈತೇನ ಬೇ?" ಎಂದು ಅವರು ಕೇಳುವಾಗ ನನಗೂ ಹೌದೆನ್ನಿಸುತ್ತಿತ್ತು. ಹಾಗೆ ಉಳಿಸಿದ ದುಡ್ಡಿನಿಂದಲೇ ನಾನು ಒಂದು ಹಳೆಯ ಹೊಲಿಗೆ ಯಂತ್ರ ಕೊಂಡೆ. ಅವರದಂತೂ ಅದೇ ಸಂಸಾರ. ಮಗನ ಕೂಲಿ ವರ್ಷವಿಡೀ ಸಿಗುವಂಥದ್ದಲ್ಲ. ಕೂಲಿಯಿಲ್ಲದ ತಿಂಗಳು ಆ ಮನೆಯಲ್ಲಿ ಒಲೆ ಉರಿದದ್ದು ಹಿತ್ತಲಿನ ಬಲದಿಂದ.

ಹಿತ್ತಲು ಬಚ್ಚಲ ನೀರನ್ನು ನಂಬಿತ್ತಾದ್ದರಿಂದ ಬಚ್ಚಲಿಗೆ ಕಟ್ಟಳೆಗಳಿದ್ದವು. ಅಲ್ಲಿ ಸೀಗೆಪುಡಿ, ಕಡಲೆಹಿಟ್ಟು ನಡೆಯುತ್ತಿತ್ತು. ಸಬಕಾರಕ್ಕೆ ಮುಖ, ಕೈ ಮಾತ್ರ. ಸೋಡಾ ಹಾಕಿ ಬಟ್ಟೆ ಒಗೆಯುವುದಿದ್ದರೆ ಬೀದಿಯ ಮೋರಿಯ ಪಕ್ಕದ ಕಲ್ಲಿಗೆ ಹೋಗಬೇಕು. ನನ್ನ ಗಂಡ ಡಿಪೋದಿಂದ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಬರುತ್ತಿದ್ದರು. ಮೊದಲ ದಿನ ಸೀಮೆಎಣ್ಣೆಯಿಂದ ಕೈ ತಿಕ್ಕಿಕೊಳ್ಳುತ್ತ ಬಚ್ಚಲಿಗೆ ಹೊರಟವರನ್ನು ಅಮರಮ್ಮ ಬಾಗಿಲಿಗೆ ಅಡ್ಡ ನಿಂತು ತಡೆದರು.

"ಕೈ ತೋರಸಪಾ."

ಅವರು ತೋರಿಸಿದರು.

"ಈ ಕೈ ತೊಳದ ನೀರು ನಾಳಿ ನಿನ್ನ ಗಂಗಾಳಕ್ಕ ಬರತೈತಿ. ತಿಂತೀ ಏನು?"

ಅಂದಿನಿಂದ ನನ್ನ ಗಂಡ ಬೀದಿಯಲ್ಲಿ ನಿಂತೇ ಕೈ ತೊಳೆದು, ಅವರಿಗೆ ತೋರಿಸಿ, ಪಾಸಾದರೆ ಒಳಗೆ ಬರುತ್ತಿದ್ದರು. ಓಣಿಯವರು ನಗುತ್ತಿದ್ದರು. ನನ್ನ ಗಂಡನಿಗೂ ನಗು ಬರುತ್ತಿತ್ತು.

ಹುಲಿಗೆಪ್ಪನದು ಇದಕ್ಕಿಂತ ಬಿಗಿ ಕಟ್ಟಳೆ. ಆತ ಮುಕ್ಕುಂದದ ಕಡೆ ಭತ್ತದ ಗದ್ದೆಗಳಲ್ಲಿ ಎಣ್ಣೆ ಹೊಡೆಯಲು ಹೋಗುತ್ತಿದ್ದ. ಬೆಳೆಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಬೆನ್ನಿಗೆ ಪಂಪು ಕಟ್ಟಿಕೊಂಡು ದಿನವಿಡೀ ಕೆಸರಲ್ಲಿ ನಡೆಯುವ ಕೆಲಸ. ಕೂಲಿ ಬೇರೆಯವಕ್ಕಿಂತ ಒಂದಿಷ್ಟು ಹೆಚ್ಚು, ಅದಕ್ಕೇ ಹೋಗುತ್ತಿದ್ದ. ಅಮರಮ್ಮನಿಗೆ ಅದು ಬೇಡವಾಗಿತ್ತು. ಬೇರೆ ಕೂಲಿ ಇಲ್ಲದಾಗ ಬೇಡ ಎನ್ನಲೂ ಬಾಯಿ ಬರುತ್ತಿರಲಿಲ್ಲ. "ಮೈ, ಅರಬಿ, ಪಂಪು ಎಲ್ಲಾ ಕಾಲುವ್ಯಾಗ ತೊಳಕೊಂಡು ಬಾ. ಆ ವಾಸನಿ ನನ್ನ ಬಚ್ಚಲಾ ಮುಟ್ಟಬಾರ್ದು" ಎಂದು ಪ್ರತಿದಿನ ಬೆಳಿಗ್ಗೆ ರೊಟ್ಟಿಗಂಟು ಕೊಡುವಾಗ ಹೇಳುತ್ತಿದ್ದರು. ಆತ ಹಾಗೇ ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದ. ಕಾಲುವೆಯಲ್ಲಿ ತೊಳೆದದ್ದು ಎಲ್ಲಿಗೆ ಹೋಗುತ್ತದೆಂದು ಆಗ ಯಾರೂ ಯೋಚಿಸಲಿಲ್ಲ.

ನನ್ನ ಮಗಳು ರೇಖಾಗೆ ಎರಡು ತುಂಬುತ್ತಿದ್ದ ದಿನಗಳವು. ಕಾಲುವೆಯ ದಂಡೆ ಎಲ್ಲೋ ಒಡೆಯಿತೆಂದು ನೀರು ನಿಲ್ಲಿಸಿದ್ದರು. ಅಮರಮ್ಮ ಆ ದಿನ ಮಸ್ಕಿಗೆ, ತಂಗಿಯ ಮನೆಯ ಕೂಸಿನ ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದರು. ಹೋಗುವಾಗ ಹಿತ್ತಲನ್ನು ನನಗೆ ಒಪ್ಪಿಸಿ, ಬಾಗಿಲ ತನಕ ಹೋದವರು ಮತ್ತೆ ಬಂದು ಇನ್ನೊಮ್ಮೆ ಒಪ್ಪಿಸಿದ್ದರು. ಮಧ್ಯಾಹ್ನದ ಮೇಲೆ ನಾನು ಮಗುವನ್ನು ಕರೆದುಕೊಂಡು ಹೊಲಿಯಲು ಬಟ್ಟೆ ತರಲೆಂದು ಪೇಟೆಗೆ ಹೋದೆ. ಆ ಹೊತ್ತಿಗೆ ಹುಲಿಗೆಪ್ಪ ಗದ್ದೆಯಿಂದ ಬಂದ. ಕಾಲುವೆಯಲ್ಲಿ ಕೆಸರು ಬಿಟ್ಟರೆ ಏನಿಲ್ಲ. ಮೈ ಉರಿಯುತ್ತಿತ್ತು ಎಂದು ಆಮೇಲೆ ಹೇಳಿದ. ಬಚ್ಚಲಲ್ಲಿ ಮೈ ತೊಳೆದುಕೊಂಡ, ಬಟ್ಟೆ ಹಿಂಡಿದ, ಪಂಪಿನಲ್ಲಿ ಉಳಿದದ್ದನ್ನು ಬಗ್ಗಿಸಿ ತೊಳೆದ. ಪಂಪನ್ನು ಒಗೆಯುವ ಕಲ್ಲಿನ ಹಿಂದೆ ಬೋರಲು ಹಾಕಿ, ಉಂಡು, ಗೆಳೆಯರ ಕಡೆ ಹೋದ. ಅವ್ವ ಬೈಯುತ್ತಾಳೆಂದು ಗೊತ್ತಿತ್ತು. ನಾಳೆ ಬೈಸಿಕೊಂಡರಾಯಿತು ಎಂದುಕೊಂಡನಂತೆ.

ಸಂಜೆಯ ಬಸ್ಸಿಗೆ ಅಮರಮ್ಮ ಬಂದರು. ಬಂದವರೇ ಸೀರೆ ಸಹ ಬದಲಿಸದೆ, ಒಂದು ಗುಟುಕು ನೀರು ಕುಡಿಯದೆ, ತಂಬಿಗೆ ಹಿಡಿದು ಗುಂಡಿಯ ನೀರನ್ನು ಸೊಪ್ಪಿನ ಮೇಲೆಲ್ಲ ಸಿಡಿಸಿದರು. ಒಂದು ಹಗಲು ತಮ್ಮ ಕೈ ತಪ್ಪಿದ ಗಿಡಗಳಿಗೆ ಅಂದು ಎರಡು ಪಟ್ಟು ಉಪಚಾರ. ಬಸ್ಸಿನ ಹೊಗೆಗೆ ಅವರಿಗೆ ತಲೆನೋವು, ಮೂಗು ಕಟ್ಟಿತ್ತು. ವಾಸನೆ ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ಬೂದಿ ಉದುರಿಸಿ, ಬಿಸಿಲೇರುವ ಮೊದಲು ರಾಜಗಿರಿ ಕಿತ್ತು, ಸಿವುಡು ಕಟ್ಟಿ ಓಣಿಯ ನಾಲ್ಕು ಮನೆಗೆ ಕೊಟ್ಟರು. ಎಳೆಯ ಕುಡಿಗಳನ್ನು ಆರಿಸಿದ ಸಿವುಡು ನಮ್ಮದು. "ಕೂಸಿಗೆ ಬ್ಯಾಳಿ ಹಾಕಿ ಮೆತ್ತಗ ಮಾಡು ಬೇ" ಎಂದು ಕೊಟ್ಟು ಹೋದರು.

ನಾನು ಹಾಗೇ ಮಾಡಿದೆ. ರೇಖಾ ಎರಡು ಸಲ ಹಾಕಿಸಿಕೊಂಡು ಉಂಡಳು, ಉಂಡವಳೇ ಮಲಗಿದಳು. ನಾನು ಹೊಲಿಗೆಗೆ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅಮರಮ್ಮ ನಿಂತಿದ್ದರು. ತಲೆಯ ಮೇಲೆ ಸೆರಗಿಲ್ಲ. ಸೆರಗಿಲ್ಲದ ಅವರ ತಲೆಯನ್ನು ನಾನು ಅದೇ ಮೊದಲು ನೋಡಿದ್ದು.

"ಸುವರ್ಣಾ, ಪಲ್ಯ ಮಾಡೀಯೇನ್ಬೇ?"

"ಮಾಡೀನ್ರಿ ಅತ್ತಿ. ರೇಖಾ ಉಂಡು ಮಲಗ್ಯಾಳ."

"ಎಬ್ಬಸು."

ದನಿಯಲ್ಲಿ ಏನೋ ಇತ್ತು. ನಾನು ಏಕೆಂದು ಕೇಳದೆ ಮಗುವನ್ನು ಎತ್ತಿಕೊಂಡೆ. ಆಮೇಲೆ ಅವರು ಹೇಳಿದರು. ಮಡಿಗೆ ಗೊಬ್ಬರ ಹಾಕಲು ಹೋದಾಗ ಎರೆಹುಳಗಳು ಮಣ್ಣಿನ ಮೇಲೆ ಬಿದ್ದಿದ್ದವಂತೆ, ಹಗಲು ಹೊತ್ತಿನಲ್ಲಿ, ಬೆಳ್ಳಗೆ. ಸುತ್ತ ನೋಡಿದಾಗ ಕಲ್ಲಿನ ಹಿಂದೆ ಪಂಪು ಕಂಡಿತ್ತು.

"ನನ್ನ ಕೈಯಾರೆ ಹಾಕೀನಿ ಬೇ. ತಂಬಿಗಿಲೆ ತೋಡಿ ತೋಡಿ ಹಾಕೀನಿ. ನೀ ದವಾಖಾನಿಗೆ ನಡಿ. ನಾ ಉಳದ ಮನಿಗಿ ಹೇಳಿ ಬರ್ತೀನಿ."

ಆ ಬಿಸಿಲಿನಲ್ಲಿ ಮಗುವನ್ನು ಅವಚಿಕೊಂಡು ನಾನು ಹೇಗೆ ನಡೆದೆನೋ ಗೊತ್ತಿಲ್ಲ. ಅರೆನಿದ್ದೆಯ ರೇಖಾ ನನ್ನ ಹೆಗಲ ಮೇಲೆ ಭಾರವಾಗಿ ಬಿದ್ದಿದ್ದಳು. ಎರಡು ಹೆಜ್ಜೆಗೊಮ್ಮೆ ಅವಳ ಕೆನ್ನೆ ತಟ್ಟುತ್ತಿದ್ದೆ. ಅವಳು ಅಳುತ್ತಿದ್ದಳು. ಅತ್ತರೆ ಜೀವಕ್ಕೆ ಸಮಾಧಾನ, ಸುಮ್ಮನಾದರೆ ನಿಂತು ಅವಳ ಮುಖ ನೋಡುತ್ತಿದ್ದೆ. ಅಮರಮ್ಮನ ಮೇಲೆ, ಅವರ ಹಿತ್ತಲ ಮೇಲೆ, ಹುಲಿಗೆಪ್ಪನ ಮೇಲೆ ಸಿಟ್ಟು ಕುದಿಯುತ್ತಿತ್ತು. ನಾಲ್ಕು ಕಾಸು ಉಳಿಯುತ್ತದೆಂದು ಯಾರದೋ ಬಚ್ಚಲ ನೀರಿನ ಸೊಪ್ಪು ತಿನ್ನಿಸಿದೆನಲ್ಲ ಎಂದು ನನ್ನ ಮೇಲೂ.

ಡಾಕ್ಟರು ವಯಸ್ಸಾದವರು, ಅವಸರದವರಲ್ಲ. ಬ್ಯಾಟರಿ ಹಾಕಿ ಮಗುವಿನ ಕಣ್ಣು ನೋಡಿದರು. ಬಾಯಿ ತೆಗೆಸಿ ನೋಡಿದರು, ಅಂಗೈ ಮುಟ್ಟಿದರು. "ಯಾವ ಎಣ್ಣಿ ಅದು?" ಎಂದು ಕೇಳಿದರು. ನನಗೇನು ಗೊತ್ತು? ಅಷ್ಟರಲ್ಲಿ ಅಮರಮ್ಮ ಬಂದರು. ಬರಿಗಾಲು, ಹೆಗಲ ಮೇಲೆ ಆ ಪಂಪು. ಗಂಡಸರು ಬೆನ್ನಿಗೆ ಕಟ್ಟಿಕೊಳ್ಳುವ ಪಂಪನ್ನು ಹೊತ್ತುಕೊಂಡು ಬಜಾರದ ನಡುವೆ ಓಡಿ ಬಂದಿದ್ದರು. "ಡಬ್ಬಿ ಹೊಲದಾಗ ಉಳದೈತ್ರಿ ಸಾಹೇಬ್ರ. ಇದರ ವಾಸನಿ ನೋಡಿ ಹೇಳ್ರಿ, ಯಾವುದು ಅಂತ" ಎಂದು ಡಾಕ್ಟರ ಮೇಜಿನ ಮುಂದಿಟ್ಟರು.

ಡಾಕ್ಟರು ಮೂಸಿ ನೋಡಿ ಪಂಪನ್ನು ಹೊರಗಿಡಿಸಿದರು. "ಕಣ್ಣು ಸರಿ ಅದಾವ. ಬೆವರಿಲ್ಲ, ಜೊಲ್ಲಿಲ್ಲ. ಆದ್ರೂ ಸಂಜಿತನಾ ಇಲ್ಲೇ ಕುಂದರ್‍ರಿ. ಪಲ್ಯ ತೊಳದಿದ್ರೇನು?"

"ತೊಳದೀನ್ರಿ. ಬೂದಿ ಇರತೈತಲ್ರಿ, ಅದು ಹೋಗೋತನಾ ನಾಕೈದು ನೀರಾಗ ತೊಳಿತೀವ್ರಿ."

"ಚಲೋ ಆತು" ಎಂದರು ಅವರು.

ಪಡಸಾಲೆಯ ಬೆಂಚಿನ ಮೇಲೆ ನಾವು ಕೂತೆವು. ಅದು ರೇಖಾ ದಿನವೂ ಮಲಗುವ ಹೊತ್ತು. ಸ್ವಲ್ಪ ಹೊತ್ತಿಗೆ ಅವಳ ರೆಪ್ಪೆ ಮುಚ್ಚಿತು. ಇದು ನಿದ್ದೆಯೋ ಮತ್ತೊಂದೋ? ಅಮರಮ್ಮ ಅವಳ ಮುಂದೆ ಕೂತು ಚಪ್ಪಾಳೆ ಹೊಡೆದರು, ಅವಳ ಕೈಬಳೆ ಕುಣಿಸಿದರು, ಗುಬ್ಬಿ ತೋರಿಸಿದರು. "ಮಲಗಲಿ ಬಿಡ್ರಿ, ನಾ ನೋಡಾಕತ್ತೀನಲ್ಲ" ಎಂದು ಡಾಕ್ಟರು ಒಳಗಿನಿಂದ ಹೇಳಿದ ಮೇಲೆ ನಿಲ್ಲಿಸಿದರು. ಆಮೇಲೆ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಕೂತುಬಿಟ್ಟರು. ಉಸಿರು ತಾಗುತ್ತಿತ್ತು, ನನಗೂ ಕಾಣುತ್ತಿತ್ತು. ಆದರೂ ಅವರು ಬೆರಳು ತೆಗೆಯಲಿಲ್ಲ. ನನ್ನ ಗಂಡ ಡಿಪೋದಿಂದ ಓಡಿ ಬಂದರು. ಅವರು ಬಂದಾಗಲೂ ಬೆರಳು ಅಲ್ಲೇ ಇತ್ತು.

ಬಿಸಿಲು ಇಳಿದಾಗ ರೇಖಾ ತಾನೇ ಎದ್ದು ಹಾಲು ಕೇಳಿದಳು. ಡಾಕ್ಟರು ಮತ್ತೊಮ್ಮೆ ಕಣ್ಣು ನೋಡಿ ಮನೆಗೆ ಹೋಗಿ ಎಂದರು. ಓಣಿಯಲ್ಲಿ ಒಂದು ಮನೆಯಲ್ಲಿ ಸೊಪ್ಪು ಇನ್ನೂ ಒಲೆಗೆ ಏರಿರಲಿಲ್ಲ, ಒಂದರಲ್ಲಿ ಮಾಡಿ ಮುಚ್ಚಿಟ್ಟಿದ್ದರು. ಶಾರದಮ್ಮನ ಮನೆಯಲ್ಲಿ ಎಲ್ಲರೂ ಉಂಡಿದ್ದರು, ಅವರಿಗೂ ಏನೂ ಆಗಲಿಲ್ಲ. ಬೂದಿಯ ದೆಸೆಯಿಂದ ಅಷ್ಟು ಸಲ ತೊಳೆದದ್ದಕ್ಕೇ ಉಳಿದೆವೋ, ಗುಂಡಿಯಲ್ಲಿ ಎಣ್ಣೆಯೇ ತೆಳ್ಳಗಾಗಿತ್ತೋ, ನಾನು ಹೇಳಲಾರೆ.

ಮರುದಿನ ಅಮರಮ್ಮ ಹಿತ್ತಲನ್ನು ಕಿತ್ತರು. ಸೊಪ್ಪಿನ ಮಡಿಗಳಷ್ಟೇ ಅಲ್ಲ, ಕಾಯಿ ಬಿಟ್ಟ ಬದನೆ, ಹೂವಿಗೆ ಬಂದ ಮೆಣಸಿನಗಿಡ, ಹೀರೆಯ ಬಳ್ಳಿ ಎಲ್ಲವನ್ನೂ. ಗುಂಡಿಯ ಸುತ್ತಲ ಮಣ್ಣನ್ನು ಮೊಣಕಾಲುದ್ದ ಅಗೆಸಿ ಚೀಲಕ್ಕೆ ತುಂಬಿಸಿದರು. ಹುಲಿಗೆಪ್ಪ ತಲೆ ತಗ್ಗಿಸಿಕೊಂಡು ಅಗೆದ. ಒಮ್ಮೆ ಮಾತ್ರ, "ಅವ್ವಾ, ಎರಡು ಮಳಿ ಆದ್ರ ಮಣ್ಣು ತಾನ ಸುದ್ದ ಆಗತೈತಂತ" ಎಂದ.

"ಆಗೋತನಾ ಯಾರಿಗೆ ತಿನ್ನಸಲಿ?" ಎಂದರು ಅಮರಮ್ಮ. ಚೀಲದ ಬಾಯಿ ಕಟ್ಟುತ್ತ, "ಇಷ್ಟು ವರ್ಷ ಕಾಲುವ್ಯಾಗ ತೊಳಕೊಂಡು ಬಾ ಅಂತ ಹೇಳಿ ಕಳಿಸಿದಾಕಿ ನಾನ. ಆ ಕಾಲುವಿ ಕೆಳಗ ಯಾರ ಮನಿ ಕೂಸು ಆ ನೀರು ಕುಡದೈತೋ. ಅದನ್ನ ಯಾವ ಚೀಲದಾಗ ತುಂಬಲಿ?" ಎಂದರು. ಹುಲಿಗೆಪ್ಪ ಎಣ್ಣೆ ಹೊಡೆಯುವ ಕೆಲಸ ಬಿಟ್ಟದ್ದು ಆ ದಿನವೇ. ಪಂಪನ್ನು ಅದರ ಮಾಲೀಕನಿಗೆ ಕೊಟ್ಟು, ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದ.

ಮಳೆಯಾದ ಮೇಲೆ ಹಿತ್ತಲು ಮತ್ತೆ ಚಿಗುರಿತು. ಬೀಜ ಅವರಲ್ಲಿ ಇದ್ದೇ ಇತ್ತು, ಗಿರಣಿಯಿಂದ ಹೊಟ್ಟು ಬರುತ್ತಿತ್ತು. ಆದರೆ ಓಣಿ ಬದಲಾಗಿತ್ತು. ಅಮರಮ್ಮ ಸಿವುಡು ಹಿಡಿದು ಹೋದರೆ, "ಇವತ್ತ ಮನ್ಯಾಗ ಕಾಯಿಪಲ್ಯ ಐತಬೇ ಅಮರಮ್ಮಕ್ಕ" ಎನ್ನುತ್ತಿದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಚಹಾ ಕುಡಿದು ಹೋಗು ಎನ್ನುತ್ತಿದ್ದರು. ಸೆರಗೊಡ್ಡುತ್ತಿರಲಿಲ್ಲ, ಅಷ್ಟೇ. ನಮ್ಮ ಮನೆಗಂತೂ ಅವರೇ ತರಲಿಲ್ಲ. ಬೆಳೆದದ್ದನ್ನು ತಾವಿಬ್ಬರೇ ತಿನ್ನಲಾಗದೆ ಬಲಿತು ಒಣಗಲು ಬಿಡುತ್ತಿದ್ದರು. ಹಂಚುವ ಕೈಗೆ ತೆಗೆದುಕೊಳ್ಳುವವರು ಇಲ್ಲದಾಗ ಎಷ್ಟು ಕಷ್ಟವೆಂದು ಗೋಡೆಯ ಈಚೆಯಿಂದ ನಾನು ನೋಡುತ್ತಿದ್ದೆ. ಕೇಳಲು ನನಗೂ ಧೈರ್ಯವಿರಲಿಲ್ಲ. ಮಗುವಿನ ಹೊಟ್ಟೆಯ ವಿಷಯ.

ವರ್ಷದೊಳಗೆ ನನ್ನ ಗಂಡನಿಗೆ ಲಿಂಗಸುಗೂರಿಗೆ ವರ್ಗವಾಯಿತು. ಅಲ್ಲಿ ಹಿತ್ತಲಿರುವ ಮನೆ ಸಿಕ್ಕಿತು. ನನಗರಿವಿಲ್ಲದೇ ನಾನು ಸಲಿಕೆ ಹಿಡಿದು ಬಚ್ಚಲ ನೀರಿನ ಹಿಂದೆ ನಡೆಯತೊಡಗಿದ್ದೆ. ತೂತು ಮಡಿಕೆ ಹುಗಿದೆ, ತಿಪ್ಪೆಗುಂಡಿ ತೋಡಿದೆ, ಬೂದಿ ಜರಡಿ ಹಿಡಿದೆ. ನನ್ನ ಗಂಡ ಡಿಪೋದಿಂದ ಬಂದು ಬೀದಿಯಲ್ಲೇ ಕೈ ತೊಳೆದು ನನಗೆ ತೋರಿಸುತ್ತಿದ್ದರು, ತಮಾಷೆಗಲ್ಲ.

ತೊಂಬತ್ತರ ದಶಕ ಅರ್ಧ ಕಳೆದಾಗ ಅಮರಮ್ಮ ಮಸ್ಕಿಯಲ್ಲಿದ್ದಾರೆಂದು ತಿಳಿಯಿತು. ಹುಲಿಗೆಪ್ಪನಿಗೆ ಮದುವೆಯಾಗಿ, ಹೆಂಡತಿಯ ಊರಾದ ಮಸ್ಕಿಯಲ್ಲೇ ಕೆಲಸ ಹಿಡಿದು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದ. ಶಾಲೆಗೆ ರಜೆಯಿದ್ದಾಗ ನಾನು ರೇಖಾಳನ್ನು ಕರೆದುಕೊಂಡು ಹೋದೆ. ಅಮರಮ್ಮ ಬಾಗಿದ್ದರು, ಹಣೆಯ ಗಂಟು ಮಾತ್ರ ಹಾಗೇ ಇತ್ತು. ರೇಖಾಳನ್ನು ಬೆಳಕಿಗೆ ತಿರುಗಿಸಿ ಮೊದಲು ಕಣ್ಣು ನೋಡಿದರು. ಆಮೇಲೆ ಕೆನ್ನೆ ಸವರಿದರು.

ಹಿತ್ತಲಿನಿಂದ ಪಲ್ಯ ಕಿತ್ತು ತಾವೇ ಅಡುಗೆ ಮಾಡಿದರು. ರೊಟ್ಟಿ ಬಡಿದು ಮುಗಿದರೂ ನಮಗೆ ಗಂಗಾಳ ಬರಲಿಲ್ಲ. ಅಮರಮ್ಮ ಒಬ್ಬರೇ ಒಲೆಯ ಮುಂದೆ ಕೂತು ಒಂದು ರೊಟ್ಟಿ, ಪಲ್ಯ ತಿಂದರು. ತಿಂದು, ಬಾಗಿಲ ಹತ್ತಿರ ಬಂದು ಬಿಸಿಲು ನೋಡುತ್ತ ಕೂತರು. ನನಗೆ ಅರ್ಥವಾಗಲಿಲ್ಲ. ಸೊಸೆ ಲಕ್ಷ್ಮಿ ನನ್ನ ಕಿವಿಯಲ್ಲಿ ಹೇಳಿದಳು, "ನಾ ಈ ಮನಿಗಿ ಬಂದಾಗಿಂದ ಹಿಂಗ ನೋಡ್ರಿ ಅಕ್ಕಾರ. ಹಿತ್ತಲದಾಗಿಂದು ಏನ ಇರಲಿ, ಮದ್ಲ ತಾವು ತಿಂತಾರ. ಆಮ್ಯಾಲೆ ಒಂದು ತಾಸು ನಮ್ಮನ್ನ ಉಪಾಸ ಕುಂದರಸ್ತಾರ. ಹೊರಗಿನವರಿಗಂತೂ ಒಂದು ಎಲಿ ಕೊಡಂಗಿಲ್ಲ."

ದವಾಖಾನೆಯ ಆ ಮಧ್ಯಾಹ್ನ ನನಗೆ ಅಂದೇ ಮುಗಿದಿತ್ತು. ಇವರು ಪ್ರತಿದಿನ ಅಲ್ಲೇ ಕೂತಿದ್ದರು.

ರೇಖಾಗೆ ಇದೇನೂ ಗೊತ್ತಿಲ್ಲ. ಬಸ್ಸಿನಲ್ಲಿ ಬಂದ ಹುಡುಗಿ, ಹಸಿದಿದ್ದಳು. ನಾವು ಮಾತಾಡುತ್ತಿದ್ದಂತೆ ಬುಟ್ಟಿಯಿಂದ ರೊಟ್ಟಿ ತೆಗೆದು, ಬೋಗುಣಿಯಿಂದ ಪಲ್ಯ ಬಳಿದುಕೊಂಡು ತಿನ್ನತೊಡಗಿದಳು. ಅಮರಮ್ಮ ತಿರುಗಿ ನೋಡುವಷ್ಟರಲ್ಲಿ ಅರ್ಧ ರೊಟ್ಟಿ ಮುಗಿದಿತ್ತು. "ಏ ಯವ್ವಾ, ತಡೀ!" ಎಂದು ಎದ್ದರು. ಗೋಡೆ ಹಿಡಿದುಕೊಂಡು ಒಲೆಯ ಕಡೆ ಬಂದರು. ನಾನು ರೇಖಾಳ ಪಕ್ಕ ಕೂತು ಅವಳ ಕೈಯಿಂದಲೇ ಒಂದು ತುತ್ತು ಮುರಿದು ಬಾಯಿಗಿಟ್ಟೆ.

"ಅತ್ತಿ, ಉಪ್ಪು ಒಂಚೂರು ಕಡಿಮಿ ಐತಿ."

ಅವರು ನಮ್ಮೆದುರು ಕೂತು ರೇಖಾಳ ಮುಖವನ್ನೇ ನೋಡುತ್ತಿದ್ದರು. ಅವಳು ಕೆಮ್ಮಿದರೆ ಇವರು ಮುಂದೆ ಬಾಗುತ್ತಿದ್ದರು.

ಸಂಜೆ ಲಿಂಗಸುಗೂರಿನ ಬಸ್ಸಿಗೆ ನಮ್ಮನ್ನು ಹತ್ತಿಸಲು ಬಂದರು. ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ಬೇಡವೆಂದರೂ ಕೇಳದೆ ಕಿಟಕಿಯ ಕೆಳಗೆ ನಿಂತರು. ಮಧ್ಯಾಹ್ನದಿಂದ ಬಾಯಲ್ಲಿ ಹಿಡಿದಿಟ್ಟಿದ್ದನ್ನು ಕೊನೆಗೂ ಕೇಳಿದರು.

"ಅವ್ವಿ, ಹೊಟ್ಯಾಗ ಏನರ ಆಗಾಕತ್ತೇತೇನ?"

"ಹೂಂ ಅಜ್ಜಿ" ಎಂದಳು ರೇಖಾ.

ಅವರು ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿದರು.

"ಮತ್ತ ಹಸಿವಾಗಾಕತ್ತೇತಿ. ಆ ಪಲ್ಯ ಇನ್ನೂ ಐತೇನ್ರಿ?"

ಅಮರಮ್ಮ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಸೆರಗನ್ನು ಬಾಯಿಗೊತ್ತಿ ನಕ್ಕರು. ಅಷ್ಟು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ. ನಗುತ್ತಲೇ, ಹೋಗಿ ಬನ್ನಿ ಎಂದೂ ಹೇಳದೆ, ತಿರುಗಿ ಓಣಿಯ ಕಡೆ ಹೊರಟುಬಿಟ್ಟರು. ಡ್ರೈವರ್ ಬಸ್ಸು ಚಾಲೂ ಮಾಡಿದ. ನಾನು ಕಂಡಕ್ಟರನ ಕೈಕಾಲು ಹಿಡಿಯುವುದೊಂದು ಬಾಕಿ.

"ಒಂದ ನಿಮಿಷ ನಿಂದರಸ್ರಿ, ನಮ್ಮ ಅತ್ತಿ ಪಲ್ಯ ತರಾಕ ಹೋಗ್ಯಾರ."

"ಪಲ್ಯಕ್ಕ ಬಸ್ಸು ನಿಂದರಸಬೇಕೇನ್ರಿ ಅಕ್ಕಾರ?" ಎಂದ ಆತ. ಆದರೂ ಸೀಟಿ ಊದಲಿಲ್ಲ.

ಅವರು ಏದುಸಿರು ಬಿಡುತ್ತ ಬಂದರು. ಒಂದು ಸಿವುಡು ರಾಜಗಿರಿ, ಬೇರಿಗೆ ಹಸಿಮಣ್ಣು ಮೆತ್ತಿಕೊಂಡದ್ದು, ಅವರು ರುಚಿಯನ್ನೂ ನೋಡದೆ ಕಿತ್ತದ್ದು. ಕಿಟಕಿಯಿಂದ ಒಳಗೆ ತುರುಕಿದರು. ನನ್ನ ಮಡಿಲೆಲ್ಲ ಮಣ್ಣಾಯಿತು. "ಚಂದಾಗಿ ತೊಳಕೊಂಡು ಮಾಡ್ರಿ" ಎಂದಷ್ಟೇ ಹೇಳಿದರು. ಬಸ್ಸು ಹೊರಟಿತು.

ಲಿಂಗಸುಗೂರಿಗೆ ಬಂದವಳು ಅದನ್ನು ಬೇಳೆ ಹಾಕಿ ಬೇಯಿಸಿದೆ. ಮೂರು ಗಂಗಾಳ ಒಟ್ಟಿಗೆ ಇಟ್ಟುಕೊಂಡು, ನಾವು ಮೂವರೂ ಒಟ್ಟಿಗೇ ಉಂಡೆವು. ಯಾರೂ ಯಾರಿಗೂ ಕಾಯಲಿಲ್ಲ.